ರೆಕ್ಕೆಯಿಲ್ಲದ ಮಿಡತೆ: ಮರಿಯೋ, ಬೆಳೆದದ್ದೋ?

ಪ್ರಶ್ನೆ: ಕಡೂರಿನ ಹತ್ತಿರ ನಮ್ಮ ಜೋಳದ ಹೊಲ. ಬದುವಿನ ಮೇಲೆ ರೆಕ್ಕೆಯಿಲ್ಲದ ಮಿಡತೆಗಳು ಕಾಣುತ್ತಿವೆ. ಇವು ಮರಿಗಳೇ? ರೆಕ್ಕೆ ಬಂದ ಮೇಲೆ ತಾವಾಗಿಯೇ ಹಾರಿಹೋಗುತ್ತವೆಯೇ?

ಉತ್ತರ: ಅದನ್ನು ನಂಬಿ ಕಾಯುತ್ತಾ ಕೂರಬೇಡಿ. ಕೆಲವು ಜಾತಿಯ ಮಿಡತೆಗಳಿಗೆ ಸಾಯುವವರೆಗೂ ಹಾರುವ ರೆಕ್ಕೆ ಬರುವುದಿಲ್ಲ.

ಒಂದನ್ನು ಹಿಡಿದು ಬೆನ್ನು ನೋಡಿ. ಬಲಿತ ಮರಿಯ ಬೆನ್ನ ಮೇಲೆ ಎರಡು ಜೊತೆ ರೆಕ್ಕೆಯ ಚಿಗುರುಗಳಿರುತ್ತವೆ. ಹಿಂರೆಕ್ಕೆಯ ಚಿಗುರು ಮುಂರೆಕ್ಕೆಯದನ್ನು ಮುಚ್ಚಿಕೊಂಡಿರುತ್ತದೆ. ಕೊನೆಯ ಪೊರೆ ಕಳಚಿದಾಗ ಇದು ಅದಲುಬದಲಾಗಿ ಮುಂರೆಕ್ಕೆ ಮೇಲೆ ಬರುತ್ತದೆ. ಆದ್ದರಿಂದ ರೆಕ್ಕೆ ಎಷ್ಟೇ ಗಿಡ್ಡದಿರಲಿ, ಮುಂರೆಕ್ಕೆ ಮೇಲಿದ್ದರೆ ಅದು ಬೆಳೆದ ಮಿಡತೆ. ಚಿಗುರೂ ಕಾಣದಿದ್ದರೆ ಜೋಡಿ ಹುಡುಕಿ. ಹೆಣ್ಣಿನ ಬೆನ್ನೇರಿ ಕುಳಿತ ಸಣ್ಣ ಗಂಡು ಸಿಕ್ಕಿದರೆ ಸಂಶಯವೇ ಬೇಡ, ಮರಿಗಳು ಕೂಡುವುದಿಲ್ಲ.

ನಮ್ಮ ದಖನ್ ಬಯಲಿನದೇ ಅಂಥ ಮಿಡತೆಯೊಂದಿದೆ. ಜೋಳಕ್ಕೆ ಬೀಳುವ ಅದಕ್ಕೆ 1910ರಲ್ಲಿ ಸ್ಪೇನಿನ ಇಗ್ನಾಸಿಯೊ ಬೊಲಿವಾರ್ ಕೋಲ್ಮಾನಿಯಾ ಸ್ಫೆನರಿಯಾಯ್ಡಿಸ್ ಎಂದು ಹೆಸರಿಟ್ಟರು. ಕೆನಡಾದಿಂದ ಬಂದು ಮೈಸೂರು ಸಂಸ್ಥಾನದ ಕೀಟತಜ್ಞರಾಗಿದ್ದ ಲೆಸ್ಲಿ ಕೋಲ್ಮನ್ ಅವರ ನೆನಪಿನ ಹೆಸರದು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ದಾರಿ ತೋರಿಸಿದವರು, 1925ರಲ್ಲಿ ಬಾಳೆಹೊನ್ನೂರಿನ ಕಾಫಿ ಪ್ರಯೋಗ ಕೇಂದ್ರಕ್ಕೆ ಕಾರಣರಾದವರು ಇವರೇ. ಮಲೆನಾಡು ನೆನೆಯುವ ಹೆಸರೊಂದು ಬಯಲುಸೀಮೆಯ ಮಿಡತೆಗೂ ಅಂಟಿಕೊಂಡಿರುವುದು ನನಗೆ ಬಹಳ ಪ್ರಿಯವಾದ ಸಂಗತಿ.

ಹಾರದೆ ಒಣನೆಲದಲ್ಲಿ ಬಾಳುವ ಗುಟ್ಟು ಮಣ್ಣಿನೊಳಗಿದೆ. ಹೆಣ್ಣು ಹೊಟ್ಟೆಯ ತುದಿಯನ್ನು ನೆಲಕ್ಕೆ ತೂರಿಸಿ ನೊರೆಯ ನಡುವೆ ಮೊಟ್ಟೆಯಿಡುತ್ತದೆ. ನೊರೆ ಒಣಗಿ ಗೂಡಾಗುತ್ತದೆ. ಬೇಸಿಗೆಯೆಲ್ಲ ಅದರೊಳಗೆ ಮಲಗಿದ್ದ ಮೊಟ್ಟೆ ಮುಂಗಾರಿನ ಹಸಿಗೆ ಒಡೆಯುತ್ತದೆ. ವರ್ಷಕ್ಕೆ ಒಂದೇ ಪೀಳಿಗೆ. ಬರಗಾಲವನ್ನು ಮೊಟ್ಟೆಯಲ್ಲೇ ಕಳೆಯುವ ಜೀವಕ್ಕೆ ದೂರ ಹಾರುವ ಅಗತ್ಯ ಅಷ್ಟಿಲ್ಲ. ಹಾರುವ ಸ್ನಾಯುಗಳನ್ನು ಬೆಳೆಸಿ ಸಾಕುವುದಕ್ಕೆ ತಗಲುವ ಆಹಾರವೂ ಉಳಿಯುತ್ತದೆ.

ನಿಮಗಿದು ಅನುಕೂಲವೇ. ಮರುಭೂಮಿ ಮಿಡತೆಯ ಹಿಂಡು ಗಾಳಿ ಹಿಡಿದು ದಿನಕ್ಕೆ 150 ಕಿ.ಮೀ.ವರೆಗೂ ಸಾಗಬಲ್ಲದು, ಇದಾದರೋ ಬದುವಿನಿಂದ ಬದುವಿಗೆ ಕುಪ್ಪಳಿಸಿಯೇ ಬರಬೇಕು. ಕೊಯ್ಲಾದ ಮೇಲೆ ಮಾಗಿ ಉಳುಮೆ ಮಾಡಿಸಿ. ಮೇಲೆದ್ದ ಮೊಟ್ಟೆಗೂಡುಗಳು ಬಿಸಿಲಿಗೆ ಒಣಗುತ್ತವೆ, ಉಳಿದವನ್ನು ಗೊರವಂಕಗಳು ಹೆಕ್ಕುತ್ತವೆ. ನೇಗಿಲು ತಲುಪದ ಬದುವಿನ ಅಂಚನ್ನು ಗುದ್ದಲಿಯಿಂದ ಕೆತ್ತಿಸಿ. ಪಕ್ಕದ ಹೊಲದವರಿಗೂ ಹೇಳಿ, ಮುಂದಿನ ಮುಂಗಾರಿಗೆ ಮರಿಗಳು ನಡೆದು ಬರುವುದು ಅಲ್ಲಿಂದಲೇ.