ಬಚ್ಚಲುಮನೆಯಲ್ಲಿ ಬರುವ ಮೂರ್ಛೆ

ಮೂರ್ಛೆ ಬರುತ್ತದೆಂದು ಹೇಳಿಕೊಂಡು ಬಂದವರಿಗೆ ಬೆಂಗಳೂರು, ಮೈಸೂರು ಕಡೆಯ ನರರೋಗ ತಜ್ಞರು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ. ಹೊರದೇಶದಲ್ಲಿ ಕಲಿತ ವೈದ್ಯರಿಗೆ ಅದು ಸುಲಭಕ್ಕೆ ಹೊಳೆಯುವುದಿಲ್ಲ. ‘ತಲೆಗೆ ನೀರು ಹಾಕಿಕೊಳ್ಳುವಾಗ ಬರುತ್ತದೆಯೇ?’ ಎಂಬುದೇ ಆ ಪ್ರಶ್ನೆ. ಹೌದೆಂಬ ಉತ್ತರ ಬಂದರೆ, ಯಂತ್ರಕ್ಕೆ ಕೈ ಹಾಕುವ ಮೊದಲೇ ರೋಗದ ಗುರುತು ಮುಕ್ಕಾಲು ಪಾಲು ಸಿಕ್ಕಂತೆ.

ಬಿಸಿನೀರಿನ ಅಪಸ್ಮಾರ ಎಂಬ ಈ ಕಾಯಿಲೆಯ ಬಗ್ಗೆ ಜಗತ್ತಿಗೆ ಇಂದು ತಿಳಿದಿರುವುದರಲ್ಲಿ ದೊಡ್ಡ ಪಾಲು ಕರ್ನಾಟಕದಲ್ಲಿ ನಡೆದ ಸಂಶೋಧನೆಯಿಂದ ಬಂದದ್ದು. ನಮ್ಮ ಮನೆಗಳ ಹಂಡೆ, ತಂಬಿಗೆ, ಎಣ್ಣೆಸ್ನಾನಗಳೆಲ್ಲ ಆ ವೈದ್ಯಕೀಯ ಲೇಖನಗಳಲ್ಲಿ ಸೇರಿಕೊಂಡಿವೆ. ಇಷ್ಟಾದರೂ ನಮ್ಮಲ್ಲೇ ಹೆಚ್ಚಿನವರಿಗೆ ಇದರ ಹೆಸರೇ ಗೊತ್ತಿಲ್ಲ ಎಂಬುದು ನನ್ನನ್ನು ಬಹಳ ದಿನಗಳಿಂದ ಕಾಡಿದೆ.

ಹಳೆಯ ಮೈಸೂರು ಸೀಮೆಯ ಬಚ್ಚಲುಮನೆಯೊಂದನ್ನು ನೆನಪಿಸಿಕೊಳ್ಳಿ. ಮೂಲೆಯಲ್ಲಿ ಒಲೆ, ಅದರ ಮೇಲೆ ಮಸಿ ಹಿಡಿದ ತಾಮ್ರದ ಹಂಡೆ. ಕಿಟಕಿ ಎಂದರೆ ಗೋಡೆಯಲ್ಲೊಂದು ಗೂಡು, ಒಳಗೆಲ್ಲ ಹಬೆ. ಮಣೆಯ ಮೇಲೆ ತಲೆ ಬಗ್ಗಿಸಿ ಕುಳಿತ ಹುಡುಗನ ನೆತ್ತಿಗೆ ಎಣ್ಣೆ ಇಳಿದಿದೆ, ಕಣ್ಣಿಗೆ ಸೀಗೆಪುಡಿ ಸೇರದಂತೆ ಅವನು ರೆಪ್ಪೆ ಬಿಗಿದಿದ್ದಾನೆ. ತಲೆಗೆ ಸ್ನಾನ ದಿನವೂ ಇರುವುದಿಲ್ಲ. ಮೂರು ದಿನಕ್ಕೋ ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ. ಹಾಗಾಗಿ ಹಾಕಿಕೊಳ್ಳುವಾಗ ಚೆನ್ನಾಗಿಯೇ ಹಾಕಿಕೊಳ್ಳಬೇಕು. 40ರಿಂದ 50 ಡಿಗ್ರಿ ಸೆಲ್ಸಿಯಸ್ ಕಾವಿನ ನೀರು, ಒಂದು ತಂಬಿಗೆಯ ಹಿಂದೆಯೇ ಇನ್ನೊಂದು, ಉಸಿರಾಡಲೂ ಬಿಡುವಿಲ್ಲದಂತೆ ನೆತ್ತಿಯ ಮೇಲೆ ಸುರಿಯುತ್ತದೆ.

ಆಗ ಹುಡುಗನ ನೋಟ ಎಲ್ಲೋ ನೆಟ್ಟು ನಿಲ್ಲುತ್ತದೆ. ಕಾರಣವಿಲ್ಲದ ಭಯ ಕವಿಯುತ್ತದೆ, ಅರ್ಥವಿಲ್ಲದ ಮಾತು ಹೊರಡುತ್ತದೆ. ಇಲ್ಲದ ದನಿ ಕೇಳುವವರೂ ಇಲ್ಲದ ಆಕಾರ ಕಾಣುವವರೂ ಇದ್ದಾರೆ. ಕೆಲವರಿಗೆ ಅಷ್ಟಕ್ಕೇ ನಿಲ್ಲುತ್ತದೆ. ಇನ್ನು ಕೆಲವರು ನೆಲಕ್ಕೆ ಬೀಳುತ್ತಾರೆ, ಕೈಕಾಲು ಸೆಟೆದು ಅದುರುತ್ತವೆ. ಅರ್ಧ ನಿಮಿಷದಿಂದ ಮೂರು ನಿಮಿಷದೊಳಗೆ ಎಲ್ಲ ಮುಗಿದಿರುತ್ತದೆ.

ಇದು ನಡೆಯುವುದು ಮುಚ್ಚಿದ ಬಾಗಿಲಿನ ಹಿಂದೆ, ಮೈಮೇಲೆ ಬಟ್ಟೆಯಿಲ್ಲದ ಹೊತ್ತಿನಲ್ಲಿ. ಕಣ್ಣಾರೆ ಕಂಡವರು ಇರುವುದೇ ಅಪರೂಪ, ಕಂಡವರು ಹೊರಗೆ ಆಡುವುದು ಇನ್ನೂ ಅಪರೂಪ. ಸದ್ದು ಕೇಳಿ ಓಡಿಬಂದವರು ಕೈಗೆ ಬೀಗದ ಕೈ ಕೊಡುತ್ತಾರೆ, ಮೂಗಿಗೆ ಈರುಳ್ಳಿ ಹಿಡಿಯುತ್ತಾರೆ, ಮರುದಿನ ತಾಯಿತ ಕಟ್ಟಿಸುತ್ತಾರೆ. ಬಚ್ಚಲಲ್ಲಿ ಗಾಳಿ ಸೋಕಿತು ಎಂಬ ಮಾತಿಗೆ ಆ ಕತ್ತಲೆ, ಆ ಹಬೆ ಎಲ್ಲವೂ ಪುಷ್ಟಿ ಕೊಡುತ್ತವೆ.

ವೈದ್ಯಕೀಯ ದಾಖಲೆಯಲ್ಲಿ ಈ ರೋಗ ಮೊದಲು ಕಾಣಿಸಿಕೊಂಡದ್ದು 1945ರಲ್ಲಿ, ನ್ಯೂಜಿಲೆಂಡ್‌ನ ಅಲೆನ್ ಎಂಬ ವೈದ್ಯರ ವರದಿಯಲ್ಲಿ. ಆಮೇಲೆ ಅಮೆರಿಕ, ಆಸ್ಟ್ರೇಲಿಯಾ, ಜಪಾನ್‌ಗಳಿಂದ ಅಲ್ಲೊಂದು ಇಲ್ಲೊಂದು ಪ್ರಕರಣ ವರದಿಯಾಯಿತು. ಪಠ್ಯಪುಸ್ತಕದ ಅಂಚಿನಲ್ಲಿ ಬರೆದಿಡಬಹುದಾದ ವಿಚಿತ್ರವೆಂದೇ ಅದನ್ನು ಎಣಿಸಿದ್ದರು.

ಬೆಂಗಳೂರಿನಲ್ಲಿ ಆಗ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಿತ್ತು. 1974ರಲ್ಲಿ ಅದೇ ನಿಮ್ಹಾನ್ಸ್ ಆಯಿತು. ಇಲ್ಲಿನ ನರರೋಗ ವೈದ್ಯ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು 1968ರಲ್ಲಿ ಭಾರತೀಯ ನರವಿಜ್ಞಾನ ಪತ್ರಿಕೆಯೊಂದರಲ್ಲಿ ಬಿಸಿನೀರಿನ ಅಪಸ್ಮಾರದ ಬಗ್ಗೆ ಪ್ರಾಥಮಿಕ ವರದಿ ಬರೆದರು. ನಾಲ್ಕು ವರ್ಷಗಳಲ್ಲಿ ಅವರ ಕೈಯಲ್ಲಿ 60 ರೋಗಿಗಳ ವಿವರವಿತ್ತು. 1974ರಲ್ಲಿ ಅಮೆರಿಕದ ನರವೈದ್ಯರ ಮುಂದಿಟ್ಟ ವರದಿಯಲ್ಲಿ 108. ಬೇರೆ ದೇಶಗಳಲ್ಲಿ ಬೆರಳೆಣಿಕೆಯಷ್ಟು ಸಿಕ್ಕಿದ್ದ ಕಾಯಿಲೆ ಇಲ್ಲಿ ನೂರು ದಾಟಿತ್ತು. ಇಲ್ಲಿನ ವೈದ್ಯರು ಸ್ನಾನದ ಬಗ್ಗೆ ಕೇಳಿದರು, ಬಂದವರ ಮಾತನ್ನು ನಂಬಿದರು. ಈ ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ದೊಡ್ಡದಾಗಿ ಕಾಣುವುದು ಇದೇ. ‘ತಲೆಗೆ ನೀರು ಹಾಕಿದರೆ ಬರುತ್ತದೆ ಸ್ವಾಮಿ’ ಎಂದು ಹಳ್ಳಿಯ ತಾಯಿಯೊಬ್ಬಳು ಹೇಳಿದರೆ, ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಆ ಕಾಲದಲ್ಲಿ ಬಹಳ ಸುಲಭವಿತ್ತು.

ನಿರ್ದಿಷ್ಟವಾದ ಒಂದು ಪ್ರಚೋದನೆಗೆ ಮಿದುಳು ಸೆಳವಿನ ಮೂಲಕ ಉತ್ತರಿಸುವುದಕ್ಕೆ ಪ್ರತಿಫಲಿತ ಅಪಸ್ಮಾರ ಎನ್ನುತ್ತಾರೆ. ಮಿನುಗುವ ಬೆಳಕಿನಿಂದ ಬರುವುದು ಇದರಲ್ಲಿ ಹೆಚ್ಚು ಪರಿಚಿತ. ಓದುವಾಗ ಬರುವುದು, ಸಂಗೀತ ಕೇಳಿದಾಗ ಬರುವುದು ಅಪರೂಪದ ಬಗೆಗಳು. ಬಿಸಿನೀರಿನದು ಇವೆಲ್ಲಕ್ಕಿಂತ ತೊಡಕಿನದು. ಇಲ್ಲಿ ಕಾವು, ನೀರಿನ ಸ್ಪರ್ಶ, ಸುರಿಯುವ ವೇಗ, ತಲೆಯೆಂಬ ಜಾಗ ನಾಲ್ಕೂ ಕೂಡಿಕೊಳ್ಳುತ್ತವೆ. ಇದೇ ರೋಗಿಗಳಲ್ಲಿ ಹೆಚ್ಚಿನವರಿಗೆ ಬರೀ ಮೈಗೆ ಬಿಸಿನೀರು ಹಾಕಿಕೊಂಡರೆ ಏನೂ ಆಗುವುದಿಲ್ಲ.

ಮುಂದಿನ ದೊಡ್ಡ ಹೆಜ್ಜೆ ಡಾ. ಪಿ. ಸತೀಶ್ಚಂದ್ರ ಅವರದು. ನಂತರದ ವರ್ಷಗಳಲ್ಲಿ ನಿಮ್ಹಾನ್ಸ್ ನಿರ್ದೇಶಕರೂ ಆದ ಅವರು ತಮ್ಮ ತಂಡದೊಂದಿಗೆ 1988ರಲ್ಲಿ 279 ರೋಗಿಗಳ ಅಧ್ಯಯನವನ್ನು ಅಂತರರಾಷ್ಟ್ರೀಯ ಅಪಸ್ಮಾರ ಪತ್ರಿಕೆಯಲ್ಲಿ ಪ್ರಕಟಿಸಿದರು. ರೋಗದ ಪೂರ್ತಿ ಚಿತ್ರ ಮೂಡಿದ್ದು ಆಗ. ಮೂರರಲ್ಲಿ ಎರಡು ಪಾಲು ರೋಗಿಗಳಿಗೆ ಮಿದುಳಿನ ಒಂದು ಭಾಗದಲ್ಲಿ ಹುಟ್ಟಿ ಪ್ರಜ್ಞೆಯನ್ನು ಮಸುಕಾಗಿಸುವ ಸೆಳವು. ಉಳಿದವರಿಗೆ ಮೊದಲಿನಿಂದಲೇ ಇಡೀ ಮೈಯನ್ನು ಹಿಡಿದು ಅಲುಗಾಡಿಸುವ ಸೆಳವು. ಗಂಡಸರ ಸಂಖ್ಯೆ ಹೆಂಗಸರಿಗಿಂತ ಬಹಳ ಹೆಚ್ಚು. ಹೆಣ್ಣುಮಕ್ಕಳ ಕಾಯಿಲೆಯನ್ನು ಮದುವೆಯ ಭಯಕ್ಕೆ ಮುಚ್ಚಿಡುವ ನಮ್ಮ ರೂಢಿಗೂ ಇದರಲ್ಲಿ ಸ್ವಲ್ಪ ಪಾಲಿರಬಹುದೆಂದು ನನ್ನ ಅನುಮಾನ. ಕೆಲವರ ಮನೆಯಲ್ಲಿ ಅಪ್ಪನಿಗೋ ಅಣ್ಣನಿಗೋ ಇದೇ ತೊಂದರೆ ಇತ್ತು. ಸುಮಾರು ಮೂರರಲ್ಲೊಂದು ಪಾಲು ಮಂದಿಗೆ ಕೆಲವು ವರ್ಷಗಳ ನಂತರ ಬಿಸಿನೀರಿಲ್ಲದೆಯೂ ಸೆಳವು ಬರತೊಡಗುತ್ತದೆ ಎಂಬುದು ಮುಂದಿನ ಅಧ್ಯಯನಗಳಲ್ಲೂ ಕಂಡುಬಂತು. ಬಚ್ಚಲಿಗಷ್ಟೇ ಸೀಮಿತವೆಂದು ಇದನ್ನು ಕಡೆಗಣಿಸಬಾರದು ಎನ್ನುವುದಕ್ಕೆ ಕಾರಣ ಇದೇ.

ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ ಇಲ್ಲಿ ಹೆಚ್ಚು ನೆರವಾಗುವುದಿಲ್ಲ. ಸೆಳವಿಲ್ಲದ ಹೊತ್ತಿನಲ್ಲಿ ತೆಗೆದರೆ ಬಹುಪಾಲು ರೋಗಿಗಳ ಇಇಜಿ ಸಹಜವಾಗಿಯೇ ಇರುತ್ತದೆ. ಉಳಿದ ಕೆಲವರಲ್ಲಿ ಕಿವಿಯ ಮೇಲ್ಭಾಗದ ಒಳಗಿರುವ ಟೆಂಪೊರಲ್ ಹಾಲೆಯಲ್ಲಿ ಏರುಪೇರು ಕಾಣುತ್ತದೆ. ಸೆಳವು ಬರುವಾಗಲೇ ತೆಗೆಯೋಣವೆಂದರೆ ತಂತಿಗಳನ್ನು ಅಂಟಿಸಿದ ತಲೆಯ ಮೇಲೆಯೇ ಬಿಸಿನೀರು ಸುರಿಯಬೇಕು. ಆದ್ದರಿಂದ ‘ವರದಿ ನಾರ್ಮಲ್ ಬಂದಿದೆ, ಏನೂ ಇಲ್ಲ’ ಎಂಬ ಸಮಾಧಾನ ಈ ಕಾಯಿಲೆಯಲ್ಲಿ ದಾರಿ ತಪ್ಪಿಸುತ್ತದೆ. ರೋಗಿ ಮತ್ತು ಮನೆಯವರು ಹೇಳುವ ವಿವರವೇ ಇಲ್ಲಿ ಮುಖ್ಯ ಸಾಕ್ಷ್ಯ.

ಆ ವಿವರಗಳಲ್ಲೊಂದು ನನ್ನ ಮನಸ್ಸನ್ನು ಕಲಕಿದೆ. ಕೆಲವು ರೋಗಿಗಳಿಗೆ ಸೆಳವಿನ ಆರಂಭದಲ್ಲಿ ಒಂದು ಬಗೆಯ ಸುಖ ಅನುಭವಕ್ಕೆ ಬರುತ್ತದೆ. ನೀರು ಇನ್ನೂ ಬೇಕು, ಇನ್ನೂ ಬಿಸಿಯಾಗಿ ಬೇಕು ಎಂಬ ತಡೆಯಲಾಗದ ಆಸೆ ಹುಟ್ಟಿ, ಪ್ರಜ್ಞೆ ತಪ್ಪುವವರೆಗೂ ಸುರಿದುಕೊಳ್ಳುತ್ತಲೇ ಹೋಗುತ್ತಾರೆ. ಹೊರಗಿನಿಂದ ನೋಡಿದವರಿಗೆ ಇದು ಹಠವೆಂದೋ ಹುಚ್ಚೆಂದೋ ತೋರುತ್ತದೆ. ಮಿದುಳಿನಲ್ಲಿ ಎದ್ದ ವಿದ್ಯುತ್ ಬಿರುಗಾಳಿಯೇ ಕೈಯಲ್ಲಿ ತಂಬಿಗೆ ಹಿಡಿಸಿರಬಹುದೆಂದು ಯಾರಿಗೆ ತಾನೇ ಹೊಳೆಯುತ್ತದೆ? ಇಂಥ ಮಕ್ಕಳು ತಿಂದಿರುವ ಪೆಟ್ಟುಗಳನ್ನು ನೆನೆದರೆ ಸಂಕಟವಾಗುತ್ತದೆ.

ಕಾರಣದ ಹುಡುಕಾಟ ಇಲಿಗಳಿಂದ ಶುರುವಾಯಿತು. 1990ರ ದಶಕದಲ್ಲಿ ಬೆಂಗಳೂರಿನ ಸಂಶೋಧಕರು ಇಲಿಗಳ ಮೇಲೆ ಬಿಸಿನೀರು ಹಾಯಿಸಿ ಇದೇ ಬಗೆಯ ಸೆಳವನ್ನು ಮೂಡಿಸಿದರು. ಕೆಲವು ದಿನಗಳ ಅಂತರದಲ್ಲಿ ಮತ್ತೆ ಮತ್ತೆ ಹಾಗೆ ಮಾಡಿದಾಗ ಸೆಳವು ಬೇಗ ಬರತೊಡಗಿತು, ಹೆಚ್ಚು ಹೊತ್ತು ಉಳಿಯತೊಡಗಿತು. ಒಮ್ಮೆ ತುಳಿದ ದಾರಿ ಮತ್ತೆ ತುಳಿದಷ್ಟೂ ಸವೆದು ಸಲೀಸಾಗುವ ಹಾಗೆ. ಮನುಷ್ಯರಲ್ಲೂ ಹೀಗೇ ಆಗಿ, ಕೊನೆಗೆ ನೀರಿನ ನೆಪವಿಲ್ಲದೆಯೂ ಸೆಳವು ಬರುತ್ತಿರಬಹುದು ಎಂಬ ಊಹೆಗೆ ಇದರಿಂದ ಬಲ ಬಂತು. ಮೈಕಾವನ್ನು ಹದದಲ್ಲಿಡುವ ಮಿದುಳಿನ ವ್ಯವಸ್ಥೆಯಲ್ಲೇ ಹುಟ್ಟಿನಿಂದ ಬಂದ ಏನೋ ಊನವಿದ್ದು, ತಲೆಯ ಕಾವು ಥಟ್ಟನೆ ಏರಿದಾಗ ತಡೆದುಕೊಳ್ಳಲು ಅದಕ್ಕೆ ಆಗುವುದಿಲ್ಲ ಎಂಬುದು ಸತೀಶ್ಚಂದ್ರ ಮತ್ತು ಸಂಗಡಿಗರ ವಾದ.

ಆ ಊನ ಎಲ್ಲಿದೆ ಎಂದು ತಿಳಿಯಲು ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅನುರಂಜನ್ ಆನಂದ್ ಅವರ ಪ್ರಯೋಗಾಲಯ ನಿಮ್ಹಾನ್ಸ್ ಜೊತೆ ಕೈಜೋಡಿಸಿತು. ಒಂದೇ ಮನೆತನದ ಹಲವರಲ್ಲಿ ರೋಗ ಕಂಡ ಕುಟುಂಬಗಳ ರಕ್ತದ ಮಾದರಿಗಳಿಂದ 2009ರಲ್ಲಿ 10ನೇ ವರ್ಣತಂತುವಿನ ಒಂದು ಭಾಗವನ್ನೂ, ಅದೇ ವರ್ಷ 4ನೇ ವರ್ಣತಂತುವಿನ ಒಂದು ಭಾಗವನ್ನೂ ಗುರುತಿಸಿದರು. 2017ರಲ್ಲಿ ಎಸ್‌ಎಲ್‌ಸಿ1ಎ1 ಎಂಬ ಜೀನ್‌ನಲ್ಲಿ ಅಪರೂಪದ ಬದಲಾವಣೆಗಳು ಸಿಕ್ಕವು. ನರಕೋಶಗಳನ್ನು ಕೆರಳಿಸುವ ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಕೋಶದೊಳಕ್ಕೆ ಸಾಗಿಸುವ ಪ್ರೋಟೀನಿನ ಜೀನ್ ಅದು. ಇಷ್ಟಾದರೂ ಎಲ್ಲ ರೋಗಿಗಳಿಗೆ ಹೊಂದುವ ಒಂದೇ ಉತ್ತರ ಸಿಕ್ಕಿಲ್ಲ. ಕೆನಡಾದ ಒಂದು ಕುಟುಂಬದಲ್ಲಿ ಸ್ನಾನದ ಹೊತ್ತಿನ ಸೆಳವಿಗೆ ಎಕ್ಸ್ ವರ್ಣತಂತುವಿನ ಬೇರೆಯೇ ಜೀನ್ ಕಾರಣವಾಗಿತ್ತು.

ಹಾಗಾದರೆ ನಮ್ಮಲ್ಲೇ ಯಾಕಿಷ್ಟು? ರಕ್ತದಲ್ಲಿ ಬಂದ ಗುಣ ಒಂದು, ಸ್ನಾನದ ಕ್ರಮ ಇನ್ನೊಂದು. ನಮ್ಮನ್ನು ಬಿಟ್ಟರೆ ಅತಿ ಹೆಚ್ಚು ರೋಗಿಗಳು ವರದಿಯಾಗಿರುವುದು ಟರ್ಕಿಯಿಂದ. ಅಲ್ಲೂ ಬೋಗುಣಿಯಿಂದ ತಲೆಗೆ ಬಿಸಿನೀರು ಸುರಿದುಕೊಳ್ಳುವ ರೂಢಿಯಿದೆ. ಬಿಸಿನೀರಿನ ತೊಟ್ಟಿಯಲ್ಲಿ ಮುಳುಗುವ ಜಪಾನ್‌ನಲ್ಲಿ ವರದಿಯಾದವರು ಹೆಚ್ಚಾಗಿ ಎಳೆಯ ಮಕ್ಕಳು.

ಮಣಿಯವರ ಹೆಸರು ಬಂದಾಗ ಯಳಂದೂರನ್ನು ಮರೆಯುವಂತಿಲ್ಲ. 1990ರ ದಶಕದಲ್ಲಿ ಅವರ ತಂಡ ಇಂದಿನ ಚಾಮರಾಜನಗರ ಜಿಲ್ಲೆಯ ಆ ತಾಲ್ಲೂಕಿನಲ್ಲಿ ಮನೆಮನೆಗೆ ಹೋಗಿ ಅಪಸ್ಮಾರ ಇರುವವರನ್ನು ಹುಡುಕಿತು. ಫಿನೊಬಾರ್ಬಿಟೋನ್, ಫೆನಿಟಾಯಿನ್ ಎಂಬ ಹಳೆಯ, ಅಗ್ಗದ ಎರಡು ಔಷಧಿಗಳಲ್ಲಿ ಒಂದನ್ನು ಕೊಟ್ಟು ವರ್ಷಗಟ್ಟಲೆ ಬೆನ್ನುಹತ್ತಿ ವಿಚಾರಿಸಿತು. ದುಬಾರಿ ಪರೀಕ್ಷೆಗಳಿಲ್ಲದೆಯೂ ಹಳ್ಳಿಯಲ್ಲೇ ರೋಗವನ್ನು ಹತೋಟಿಗೆ ತರಬಹುದು ಎಂಬ ಆ ಫಲಿತಾಂಶ 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಅದಕ್ಕೆ ಎರಡು ವರ್ಷ ಹಿಂದೆ, 1999ರಲ್ಲಿ, ಹಿಂದೂ ವಿವಾಹ ಕಾಯ್ದೆಯಿಂದ ಅಪಸ್ಮಾರ ಎಂಬ ಪದವನ್ನು ತೆಗೆದುಹಾಕಲಾಗಿತ್ತು. ಅಲ್ಲಿಯವರೆಗೆ ಮರುಕಳಿಸುವ ಅಪಸ್ಮಾರವಿದ್ದವರ ಮದುವೆಯನ್ನು ಅಸಿಂಧುಗೊಳಿಸಲು ಕಾನೂನಿನಲ್ಲೇ ಅವಕಾಶವಿತ್ತು. ಮಗಳಿಗೆ ಬಚ್ಚಲಲ್ಲಿ ಮೂರ್ಛೆ ಬಂದದ್ದನ್ನು ತಾಯಿ ಯಾರಿಗೂ ಹೇಳದಿದ್ದರೆ ಅವಳನ್ನು ದೂರುವುದು ಹೇಗೆ?

ಚಿಕಿತ್ಸೆಯ ಮೊದಲ ಮೆಟ್ಟಿಲಿಗೆ ಕಾಸೂ ಖರ್ಚಿಲ್ಲ: ನೀರಿನ ಕಾವು ಇಳಿಸುವುದು, ನಿಧಾನವಾಗಿ ಹಾಕಿಕೊಳ್ಳುವುದು. ಅದರಿಂದಲೇ ಸೆಳವು ನಿಂತವರಿದ್ದಾರೆ. ಅಷ್ಟು ಸಾಲದವರಿಗೆ ತಲೆಸ್ನಾನಕ್ಕೆ ಒಂದೂವರೆ ಗಂಟೆಯಷ್ಟು ಮೊದಲು ಕ್ಲೋಬಜಾಮ್ ಮಾತ್ರೆ ಕೊಡುವ ಕ್ರಮವಿದೆ. ದಿನವೂ ಔಷಧಿ ನುಂಗುವ ಬದಲು ಸ್ನಾನದ ದಿನ ಮಾತ್ರ. ಚೆನ್ನೈನ ವೈದ್ಯರು 2003ರಲ್ಲಿ, ನಿಮ್ಹಾನ್ಸ್ ತಂಡ 2012ರಲ್ಲಿ ಇದರ ಉಪಯೋಗವನ್ನು ವರದಿ ಮಾಡಿವೆ. ನೀರಿಲ್ಲದೆಯೂ ಸೆಳವು ಬರುವವರಿಗೆ ದಿನನಿತ್ಯದ ಔಷಧಿಯೇ ಬೇಕಾಗುತ್ತದೆ. ಯಾರಿಗೆ ಯಾವುದು, ಎಷ್ಟು ಎಂಬುದನ್ನು ವೈದ್ಯರೇ ತೀರ್ಮಾನಿಸಬೇಕು. ಹೊರದೇಶಗಳಲ್ಲಿರುವ ಕನ್ನಡಿಗರು ಅಲ್ಲಿನ ವೈದ್ಯರು ಕೇಳಲಿ ಎಂದು ಕಾಯದೆ, ಸ್ನಾನದ ವಿಷಯವನ್ನು ತಾವೇ ಬಾಯಿಬಿಟ್ಟು ಹೇಳುವುದು ಒಳ್ಳೆಯದು.

ದೀಪಾವಳಿಯ ನೀರು ತುಂಬುವ ಹಬ್ಬದ ಸಂಜೆ ಹಂಡೆಗೆ ಸುಣ್ಣ ಕೆಮ್ಮಣ್ಣು ಬಳಿದು, ಮಾಲಿಂಗನ ಬಳ್ಳಿ ಸುತ್ತಿ ಸಿಂಗರಿಸುವ ಮನೆಗಳು ಈಗಲೂ ಇವೆ. ಮರುದಿನ ನಸುಕಿಗೆ ಎಲ್ಲರಿಗೂ ಎಣ್ಣೆಸ್ನಾನ. ಈ ಕಾಯಿಲೆ ಇರುವ ಮಗುವಿನ ಸರದಿ ಬಂದಾಗ ಬಕೆಟ್ಟಿಗೆ ಮೊದಲು ತಣ್ಣೀರು ಬೀಳಲಿ, ಆಮೇಲೆ ಹಂಡೆಯ ನೀರು. ಅಮ್ಮ ಮೊಣಕೈ ಅದ್ದಿ ಹದ ನೋಡಲಿ, ಬಚ್ಚಲಿನ ಚಿಲಕ ಹಾಕದೇ ಇರಲಿ. ಬಾಗಿಲ ಹೊರಗೆ ಒಬ್ಬರು ನಿಂತು, ತಂಬಿಗೆಯ ಸದ್ದು ಒಂದೇ ಲಯದಲ್ಲಿ ಬರುತ್ತಿದೆಯೇ ಎಂದು ಕಿವಿಗೊಡಲಿ.