ಉಳಿದ ನಿಮಿಷಗಳು ಎಲ್ಲಿಗೆ ಹೋಗುತ್ತವೆ?

ರಸ್ತೆ ಅಗಲವಾದರೆ ದಟ್ಟಣೆ ಕರಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಯಾವ ಊರಿನ ಸಭೆಯಲ್ಲಿ ಸಾರಿಗೆಯ ಮಾತು ಬಂದರೂ ಮೊದಲ ಬೇಡಿಕೆ ಅದೇ ಆಗಿರುತ್ತದೆ. ಇಪ್ಪತ್ತು ವರ್ಷ ಮುಂದಕ್ಕೆ ನೋಡಿ ಒಂದು ಪ್ರದೇಶದ ಸಾರಿಗೆಯನ್ನು ಯೋಜಿಸಹೊರಟವರನ್ನು ಈ ನಂಬಿಕೆಯಷ್ಟು ದಾರಿ ತಪ್ಪಿಸುವುದು ಬೇರೊಂದಿಲ್ಲ.

1970ರ ದಶಕದಲ್ಲಿ ಇಸ್ರೇಲಿನ ಎಂಜಿನಿಯರ್ ಯಾಕೋವ್ ಜಹಾವಿ ಹಲವು ನಗರಗಳ ಪ್ರಯಾಣದ ಅಂಕಿಗಳನ್ನು ಹೋಲಿಸಿ, ವಾಹನ ಯಾವುದೇ ಇರಲಿ, ಜನರು ಓಡಾಟಕ್ಕೆ ಕೊಡುವ ಸಮಯ ಸರಾಸರಿ ದಿನಕ್ಕೆ ಒಂದು ಗಂಟೆಯ ಆಸುಪಾಸಿನಲ್ಲೇ ನಿಲ್ಲುತ್ತದೆಂದು ತೋರಿಸಿದರು. ಇದು ಒಬ್ಬೊಬ್ಬರ ಲೆಕ್ಕವಲ್ಲ, ಇಡೀ ಊರಿನ ಸರಾಸರಿ. 1994ರಲ್ಲಿ ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ ಇದೇ ಅಳತೆಗೋಲನ್ನು ಪ್ರಾಚೀನ ನಗರಗಳಿಗೂ ಹಿಡಿದು ನೋಡಿದರು.

ಹೋಗಲು ಅರ್ಧ ಗಂಟೆ, ಬರಲು ಅರ್ಧ ಗಂಟೆ ಎಂದುಕೊಳ್ಳೋಣ. ಗಂಟೆಗೆ ಐದು ಕಿಲೋಮೀಟರ್ ನಡೆಯುವವನ ಜಗತ್ತು ಎರಡೂವರೆ ಕಿಲೋಮೀಟರ್ ತ್ರಿಜ್ಯದ ವೃತ್ತ, ಅಂದರೆ ಸುಮಾರು 20 ಚದರ ಕಿಲೋಮೀಟರ್. ಕೋಟೆಗೋಡೆಯೊಳಗಿನ ಹಳೆಯ ಬೆಂಗಳೂರು ಪೇಟೆ ಅದರಲ್ಲಿ ಸಲೀಸಾಗಿ ಅಡಗುತ್ತಿತ್ತು. ವೇಗ ಗಂಟೆಗೆ ನೂರಾದರೆ ವೃತ್ತ ಸುಮಾರು 7,850 ಚದರ ಕಿಲೋಮೀಟರಿಗೆ ಹಿಗ್ಗುತ್ತದೆ. ಬೆಂಗಳೂರು ಮಹಾನಗರ ಪ್ರದೇಶಾಭಿವೃದ್ಧಿ ಪ್ರಾಧಿಕಾರದ ವ್ಯಾಪ್ತಿ ಸುಮಾರು 8,000 ಚದರ ಕಿಲೋಮೀಟರ್! ಇದು ಕಾಕತಾಳೀಯವೇ ಇರಬಹುದು. ಆದರೂ ಮೊದಲ ಬಾರಿ ಈ ಲೆಕ್ಕ ಹಾಕಿದಾಗ ನಾನು ಬೆರಗಾದೆ.

ಗೂಟಕ್ಕೆ ಕಟ್ಟಿದ ಹಸುವಿನ ಹಗ್ಗವನ್ನು ಎರಡರಷ್ಟು ಉದ್ದ ಮಾಡಿದರೆ ಅದು ಹಳೆಯ ಹುಲ್ಲನ್ನೇ ಬೇಗ ಮೇಯ್ದು ಮಲಗುವುದಿಲ್ಲ, ಹೊಸ ತುದಿಯವರೆಗೂ ಹೋಗುತ್ತದೆ. ಮೇಯುವ ನೆಲ ನಾಲ್ಕರಷ್ಟಾಗುತ್ತದೆ. ಮಂಡ್ಯದವರಿಗಾದರೆ ನಾಲೆಯ ಉದಾಹರಣೆ ಹೆಚ್ಚು ಹತ್ತಿರವಾದೀತು. ನಾಲೆಯನ್ನು ಅಗಲಗೊಳಿಸಿದ ಕೂಡಲೇ ರಾಗಿ ಬೆಳೆಯುತ್ತಿದ್ದವರೂ ಕಬ್ಬಿಗೆ ತಿರುಗುತ್ತಾರೆ, ಅಚ್ಚುಕಟ್ಟು ಹಿಗ್ಗುತ್ತದೆ, ಕೊನೆಯ ಭಾಗದ ರೈತ ಮತ್ತೆ ನೀರಿಗಾಗಿ ಕಾಯುತ್ತಾನೆ. ರಸ್ತೆಯಲ್ಲಿ ನಡೆಯುವುದೂ ಇದೇ. ಉಳಿದ ನಿಮಿಷಗಳು ಕಿಲೋಮೀಟರುಗಳಾಗಿ ಮಾರ್ಪಡುತ್ತವೆ, ಆ ಕಿಲೋಮೀಟರುಗಳ ಕೊನೆಯಲ್ಲಿ ಹೊಲಗಳು ಲೇಔಟುಗಳಾಗುತ್ತವೆ. ಅಮೆರಿಕದ ನಗರ ಪ್ರದೇಶಗಳನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರಾದ ಡುರಾಂಟನ್ ಮತ್ತು ಟರ್ನರ್, ಹೆದ್ದಾರಿಯ ಪಥಗಳು ಹೆಚ್ಚಿದ ಪ್ರಮಾಣದಲ್ಲೇ ವಾಹನಗಳ ಓಡಾಟವೂ ಹೆಚ್ಚುತ್ತದೆಂದು 2011ರಲ್ಲಿ ಪ್ರಕಟಿಸಿದರು.

2023ರ ಮಾರ್ಚಿನಲ್ಲಿ ಉದ್ಘಾಟನೆಯಾದ, ಸುಮಾರು 118 ಕಿಲೋಮೀಟರ್ ಉದ್ದದ ಬೆಂಗಳೂರು–ಮೈಸೂರು ದಶಪಥವನ್ನು ಹೀಗೆಯೇ ನೋಡಬೇಕು. ಅದು ಬಿಡದಿ, ಚನ್ನಪಟ್ಟಣ, ಮಂಡ್ಯಗಳ ಪಕ್ಕದಿಂದ ಹಾದುಹೋದಾಗ ಹಳೆಯ ರಸ್ತೆಯ ಬದಿಯ ಬೊಂಬೆ ವ್ಯಾಪಾರಿಗಳಿಗೆ ಆದ ನಷ್ಟವನ್ನು ಎಲ್ಲರೂ ಗಮನಿಸಿದ್ದಾರೆ. ಅದೇ ಊರುಗಳು ಬೆಂಗಳೂರಿನ ಅರ್ಧ ಗಂಟೆಯ ವೃತ್ತಕ್ಕೆ ಹತ್ತಿರವಾದದ್ದು ಅಷ್ಟಾಗಿ ಚರ್ಚೆಯಾಗಿಲ್ಲ. ಅಲ್ಲಿ ನೀರು, ಶಾಲೆ, ಬಸ್ಸುಗಳ ಯೋಜನೆಯನ್ನು ರಸ್ತೆಯ ನಕ್ಷೆಯ ಜೊತೆಯಲ್ಲೇ ಬರೆಯಬೇಕಿತ್ತು.

ಅಮೆರಿಕ 1962ರಲ್ಲೇ ಕಾನೂನು ಮಾಡಿ, 50,000ಕ್ಕಿಂತ ಹೆಚ್ಚು ಜನರಿರುವ ನಗರ ಪ್ರದೇಶಗಳ ಹೆದ್ದಾರಿ ಅನುದಾನಕ್ಕೆ ರಾಜ್ಯ ಮತ್ತು ಸ್ಥಳೀಯ ಸಂಸ್ಥೆಗಳು ಕೂಡಿ ನಿರಂತರವಾಗಿ ನಡೆಸುವ ಸಮಗ್ರ ಯೋಜನೆಯನ್ನು ಷರತ್ತಾಗಿಸಿತು. ನಮ್ಮಲ್ಲಿ ಬೆಂಗಳೂರಿನ ಸಾರಿಗೆಯನ್ನು ಒಂದೇ ಪ್ರಾಧಿಕಾರದಡಿ ಸಮನ್ವಯಗೊಳಿಸುವ ಕಾಯ್ದೆ ಬಂದದ್ದು 2022ರಲ್ಲಿ. ತಡವಾದರೂ ಅದು ಬಂದದ್ದು ನನಗೆ ಸಂತೋಷದ ಸಂಗತಿ.

ಬೆಂಗಳೂರಿನ 148 ಕಿಲೋಮೀಟರ್ ಉಪನಗರ ರೈಲು ಜಾಲದ ಕನಕ ಮಾರ್ಗ ಹೀಲಲಿಗೆಯಿಂದ ರಾಜಾನುಕುಂಟೆಯವರೆಗೆ ಸಾಗಬೇಕಿದೆ. ರೈಲಿನ ವೇಗ ಎಷ್ಟೇ ಇರಲಿ, ಮನೆಯಿಂದ ನಿಲ್ದಾಣಕ್ಕೆ ನಡೆಯುವ ನಿಮಿಷಗಳೂ ಆ ಒಂದು ಗಂಟೆಯಲ್ಲೇ ಸೇರುತ್ತವೆ. ಆದ್ದರಿಂದ ಹೀಲಲಿಗೆಯವರು ಈಗಲೇ ಕೇಳಬೇಕಾದದ್ದು, ನಿಲ್ದಾಣದ ಸುತ್ತಲಿನ ಒಂದು ಕಿಲೋಮೀಟರಿನಲ್ಲಿ ಮನೆಗಳು, ಅಂಗಡಿಗಳು, ನೆರಳಿರುವ ಕಾಲುದಾರಿ ಇರುತ್ತವೆಯೇ ಅಥವಾ ಆ ನೆಲವೆಲ್ಲ ಪಾರ್ಕಿಂಗಿಗೆ ಹೋಗುತ್ತದೆಯೇ ಎಂಬುದನ್ನು.