ಮಗ ತಪ್ಪು ಮಾಡಿದಾಗ ಮಾತ್ರ ಶಾಲೆಯಿಂದ ಫೋನ್ ಬರುತ್ತದೆ, ಏನು ಮಾಡಲಿ?

ಪ್ರಶ್ನೆ: ಮಗ ಸರ್ಕಾರಿ ಶಾಲೆಯಲ್ಲಿ ಐದನೇ ತರಗತಿ. ನಾನು ಗಾರೆ ಕೆಲಸಕ್ಕೆ ಹೋಗುತ್ತೇನೆ. ಅವನು ಜಗಳ ಮಾಡಿದಾಗ ಮಾತ್ರ ಶಾಲೆಯವರು ಕರೆಯುತ್ತಾರೆ. ಓದು ಹೇಗಿದೆ ಅಂತ ನಾನಾಗಿ ಹೋಗಿ ಕೇಳಬಹುದಾ? ನಾನು ಹೆಚ್ಚು ಓದಿದವಳಲ್ಲ.

ಉತ್ತರ: ಖಂಡಿತ ಕೇಳಬಹುದು, ಮುಜುಗರ ಬೇಡ. ಪೋಷಕರ ಜೊತೆ ಆಗಾಗ ಸಭೆ ನಡೆಸಿ, ಮಗುವಿನ ಹಾಜರಿ ಮತ್ತು ಕಲಿಕೆ ಹೇಗಿದೆ ಎಂದು ತಿಳಿಸುವುದು ಶಿಕ್ಷಕರ ಕರ್ತವ್ಯ ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ನಿನಲ್ಲೇ ಇದೆ.

ಆದರೆ 'ಹೇಗೆ ಓದ್ತಾನೆ ಮಿಸ್?' ಅಂತ ಕೇಳಿದರೆ 'ಪರವಾಗಿಲ್ಲಮ್ಮ' ಅನ್ನುವಲ್ಲಿಗೆ ಮಾತು ಮುಗಿದುಬಿಡುತ್ತದೆ. ಸಣ್ಣ ಸಣ್ಣದಾಗಿ ಕೇಳಿ. ಕನ್ನಡ ಪಾಠ ತಾನಾಗೇ ಓದ್ತಾನಾ? ಭಾಗಾಕಾರ ಬರುತ್ತಾ? ಯಾರ ಪಕ್ಕ ಕೂರ್ತಾನೆ? ಅವನ ನೋಟ್ ಪುಸ್ತಕ ತೋರಿಸಲು ಹೇಳಿ. ತಿದ್ದಿದ ಪುಟಗಳು ಎಷ್ಟಿವೆ ಅಂತ ನೋಡಲು ಓದು ಬರಲೇಬೇಕೆಂದಿಲ್ಲ, ಅಲ್ವಾ? ಮೊದಲೇ ಫೋನ್ ಮಾಡಿ ಟೀಚರಿಗೆ ಯಾವಾಗ ಬಿಡುವು ಅಂತ ಕೇಳಿಕೊಂಡರೆ ನಿಮ್ಮ ಕೂಲಿಯೂ ಉಳಿಯುತ್ತದೆ.

ವಾಟ್ಸಾಪ್ ಗ್ರೂಪಿನಲ್ಲಿ ಬರುವುದನ್ನು ಓದಲು ಕಷ್ಟವಾದರೆ ದನಿ ಸಂದೇಶ ಕಳಿಸಲು ಕೇಳಿ. ಮಗನ ವಿಷಯವನ್ನು ಮಾತ್ರ ಗ್ರೂಪಿನಲ್ಲಿ ಎತ್ತಬೇಡಿ, ಎಲ್ಲರ ಮುಂದೆ ಅವನ ಹೆಸರು ಕೆಡುತ್ತದೆ.

ಟೀಚರ್ ಹತ್ತಿರ ಬಗೆಹರಿಯದಿದ್ದರೆ ಮುಖ್ಯ ಶಿಕ್ಷಕರು. ಆಮೇಲೆ ಎಸ್‌ಡಿಎಂಸಿ, ಅಂದರೆ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಅದು ಊರಿನ ದೊಡ್ಡವರ ಸಮಿತಿ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಕಾಯ್ದೆಯ ಪ್ರಕಾರ ಇಂಥ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರಿರಬೇಕು. ನಮ್ಮ ರಾಜ್ಯದಲ್ಲಿ ಅಧ್ಯಕ್ಷರೂ ಪೋಷಕರೇ. ನಿಮ್ಮ ಬೀದಿಯಲ್ಲೇ ಒಬ್ಬ ಸದಸ್ಯರು ಇರಬಹುದು, ವಿಚಾರಿಸಿ. ಪೋಷಕರ ಸಭೆಯನ್ನು ಕೆಲಸದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟು 'ಪೋಷಕರು ಬರೋದೇ ಇಲ್ಲ' ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಒಂದು ದಿನದ ಕೂಲಿ ಸಣ್ಣ ಮಾತಲ್ಲ. ಸಭೆಯ ಹೊತ್ತು ಬದಲಿಸಿ ಅಂತ ಆ ಸದಸ್ಯರ ಮೂಲಕ ಕೇಳಿಸಿ.

ಇದನ್ನು ಓದುತ್ತಿರುವ ಶಿಕ್ಷಕರಲ್ಲೂ ಒಂದು ಕೋರಿಕೆ. ನಿಮಗೆ ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವ ಕೆಲಸ ಜಾಸ್ತಿ, ಗೊತ್ತು. ಆದರೂ ಈ ವಾರ ಒಂದು ಮನೆಗೆ ಫೋನ್ ಮಾಡಿ, 'ನಿಮ್ಮ ಮಗ ಇವತ್ತು ಲೆಕ್ಕ ಚೆನ್ನಾಗಿ ಮಾಡಿದ' ಅಂತಷ್ಟೇ ಹೇಳಿ ಇಡಿ.